ನಿಮಗಿದು ಗೊತ್ತೇ? ಇಸವಿ ಬರೆದಿಟ್ಟ ಕಾಯ್ದೆಗಳ ಕಥೆ

ಹವಾಮಾನ ಬದಲಾವಣೆ ಎಂದೊಡನೆ ನಮಗೆ ನೆನಪಾಗುವುದು ಕ್ಯೋಟೊ, ಪ್ಯಾರಿಸ್, ದೇಶದೇಶಗಳ ಬಾವುಟ, ನಾಯಕರು ಸಾಲಾಗಿ ನಿಂತ ಫೋಟೋ. ಅಮೆರಿಕದ ಮಟ್ಟಿಗೆ ಬಹಳಷ್ಟು ಕೆಲಸ ನಡೆದದ್ದು ಬೇರೆ ಕಡೆ. ವಾಷಿಂಗ್ಟನ್ನಿನಲ್ಲಿ ಒಬ್ಬ ಅಧ್ಯಕ್ಷರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವುತ್ತಿದ್ದಾಗ, ಅಲ್ಲಿನ ರಾಜ್ಯಗಳ ಶಾಸನಸಭೆಗಳು ತಮ್ಮ ಪಾಡಿಗೆ ತಾವು ಕಾಯ್ದೆ ಬರೆಯುತ್ತಿದ್ದವು. ಇಷ್ಟು ಕರೆಂಟು, ಇಂಥ ಇಸವಿಯೊಳಗೆ, ಗಾಳಿಯಿಂದಲೋ ಬಿಸಿಲಿನಿಂದಲೋ ಬರಬೇಕು ಎಂದು ಅಂಕಿ, ಇಸವಿ ಎರಡನ್ನೂ ನಮೂದಿಸಿದ ಕಾಯ್ದೆಗಳವು. ಇಸವಿ ಬರೆದರೆ ಲೆಕ್ಕ ಕೇಳಬಹುದು. ಬರೆಯದಿದ್ದರೆ ಅದು ಬರೀ ಹಾರೈಕೆ.

ಓದುವ ಮುನ್ನ ಒಂದು ಮಾತು: ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರೇ ನೇರವಾಗಿ ಆರಿಸಿದ, ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವ ವ್ಯಕ್ತಿ.

ಮೊದಲು ಹೆಜ್ಜೆ ಇಟ್ಟವರು

● ಇಂಥ ಕಾಯ್ದೆಯನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾ ಅಲ್ಲ, ಮೆಕ್ಕೆಜೋಳ ಬೆಳೆಯುವ, ಹಂದಿ ಸಾಕುವ ಅಯೋವಾ! ಇಸವಿ 1983. ರಾಜ್ಯದ ಎರಡು ವಿದ್ಯುತ್ ಕಂಪನಿಗಳು ಸೇರಿ 105 ಮೆಗಾವಾಟ್‌ನಷ್ಟು ನವೀಕರಿಸಬಹುದಾದ ವಿದ್ಯುತ್ತನ್ನು ಕೊಳ್ಳಲೇಬೇಕು ಎಂದಿತು ಕಾಯ್ದೆ. ಕಂಪನಿಗಳು ವರ್ಷಗಟ್ಟಲೆ ತಕರಾರು ತೆಗೆದವು, ಕೋರ್ಟಿಗೂ ಹೋದವು. ಕಾಯ್ದೆ ಉಳಿಯಿತು. ಇಂದು ಆ ರಾಜ್ಯದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಅಮೆರಿಕದ ಬೇರಾವ ರಾಜ್ಯದಲ್ಲೂ ಗಾಳಿಯ ಪಾಲು ಇಷ್ಟಿಲ್ಲ. ಜೋಳದ ಹೊಲದ ನಡುವೆ ನಿಂತ ಗಾಳಿಯಂತ್ರಕ್ಕೆ ರೈತನಿಗೆ ವರ್ಷ ವರ್ಷ ಬಾಡಿಗೆ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷವೂ ಬರುವ ದುಡ್ಡು ಅದು.

● ಅದೇ 1983ರಲ್ಲಿ, ಅಯೋವಾದ ಬಡಗಣ ನೆರೆಯ ಮಿನ್ನೆಸೋಟಾ ಇನ್ನೊಂದು ಬಾಗಿಲು ತೆರೆಯಿತು. 40 ಕಿಲೋವಾಟ್‌ಗಿಂತ ಚಿಕ್ಕ ಘಟಕ ಇಟ್ಟುಕೊಂಡವರು ತಾವು ಬಳಸಿ ಮಿಕ್ಕ ಕರೆಂಟನ್ನು ಕಂಪನಿಗೆ ವಾಪಸು ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು ಎಂದಿತು ಅದರ ಕಾಯ್ದೆ. ಇದೇ ನೆಟ್ ಮೀಟರಿಂಗ್. ಹಳೇ ಮೀಟರುಗಳ ಒಳಗೆ ತಿರುಗುತ್ತಿದ್ದ ಅಲ್ಯೂಮಿನಿಯಂ ತಟ್ಟೆ ನೆನಪಿದೆಯೇ? ಮಧ್ಯಾಹ್ನ ಬಿಸಿಲೇರಿ ಮನೆಯ ಫಲಕ ಖರ್ಚಿಗಿಂತ ಹೆಚ್ಚು ಕರೆಂಟು ಕೊಡತೊಡಗಿದರೆ ಆ ತಟ್ಟೆ ನಿಧಾನಕ್ಕೆ ನಿಂತು, ಮತ್ತೆ ಹಿಮ್ಮುಖವಾಗಿ ಸುತ್ತುತ್ತಿತ್ತು. ಏರಿದ ಅಂಕಿ ಒಂದೊಂದಾಗಿ ಇಳಿಯುತ್ತಿತ್ತು.

● ತೈಲದ ರಾಜ್ಯ ಟೆಕ್ಸಸ್ ಗಾಳಿ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದೆ. ಅದಕ್ಕೆ ಬುನಾದಿ ಹಾಕಿದ 1999ರ ಕಾಯ್ದೆಗೆ ಸಹಿ ಹಾಕಿದ ಗವರ್ನರ್ ಯಾರು ಗೊತ್ತೇ? ಜಾರ್ಜ್ ಡಬ್ಲ್ಯೂ. ಬುಷ್. 2009ರೊಳಗೆ 2,000 ಮೆಗಾವಾಟ್ ಹೊಸ ನವೀಕರಿಸಬಹುದಾದ ವಿದ್ಯುತ್ ಬರಬೇಕು ಎಂಬುದು ಗುರಿ. ಗಡುವಿಗೆ ಬಹಳ ಮೊದಲೇ ಆ ಗುರಿಯನ್ನು ದಾಟಿಯಾಗಿತ್ತು. ಇದೇ ಬುಷ್ ಅಧ್ಯಕ್ಷರಾದ ಮೇಲೆ 2001ರಲ್ಲಿ ಕ್ಯೋಟೊ ಒಪ್ಪಂದವನ್ನು ತಳ್ಳಿಹಾಕಿದರು. ಅಷ್ಟರಲ್ಲಿ ಅವರ ಸಹಿ ಬಿದ್ದ ಕಾಗದ ಪಶ್ಚಿಮ ಟೆಕ್ಸಸ್ಸಿನ ಬಯಲಿನಲ್ಲಿ ಗಾಳಿಯಂತ್ರ ನೆಡಿಸತೊಡಗಿತ್ತು.

● ಗಾಳಿ ಬೀಸುವುದು ಪಶ್ಚಿಮ ಟೆಕ್ಸಸ್ಸಿನಲ್ಲಿ, ಊರುಗಳಿರುವುದು ಪೂರ್ವದಲ್ಲಿ. ತಂತಿ ಇಲ್ಲದಿದ್ದರೆ ಗಾಳಿಯಂತ್ರ ಹಾಕುವವರಿಲ್ಲ, ಗಾಳಿಯಂತ್ರ ಇಲ್ಲದಿದ್ದರೆ ತಂತಿ ಎಳೆಯುವವರಿಲ್ಲ. ಈ ಗಂಟು ಬಿಡಿಸಿದ್ದು 2005ರ ಇನ್ನೊಂದು ರಾಜ್ಯ ಕಾಯ್ದೆ: ಮೊದಲು ಗಾಳಿ ಚೆನ್ನಾಗಿರುವ ವಲಯಗಳನ್ನು ಗುರುತಿಸಿ, ಅಲ್ಲಿಗೆ ತಂತಿ ಎಳೆಯಿರಿ, ಯಂತ್ರಗಳು ತಾವಾಗಿ ಬರುತ್ತವೆ ಎಂದಿತು. ಸುಮಾರು 700 ಕೋಟಿ ಡಾಲರ್ ಖರ್ಚಿನಲ್ಲಿ, ಸುಮಾರು 5,800 ಕಿಲೋಮೀಟರ್ ವಿದ್ಯುತ್ ಮಾರ್ಗ 2014ರ ಹೊತ್ತಿಗೆ ಸಿದ್ಧವಾಯಿತು. ಯಂತ್ರಗಳೂ ಬಂದವು.

● ಕೊಲರಾಡೋ ಶಾಸನಸಭೆಯಲ್ಲಿ ಇಂಥ ಮಸೂದೆ ಮತ್ತೆ ಮತ್ತೆ ಬಿದ್ದುಹೋಗುತ್ತಿತ್ತು. ಬೇಸತ್ತ ಜನ ಸಹಿ ಸಂಗ್ರಹಿಸಿ ಅದನ್ನು ನೇರವಾಗಿ ಮತಪತ್ರಕ್ಕೇ ತಂದರು. 2004ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದರು. ನವೀಕರಿಸಬಹುದಾದ ವಿದ್ಯುತ್ತಿನ ಪಾಲನ್ನು ಜನರೇ ಮತ ಹಾಕಿ ಕಡ್ಡಾಯ ಮಾಡಿದ ಮೊದಲ ಅಮೆರಿಕನ್ ರಾಜ್ಯ ಅದು.

ಕ್ಯಾಲಿಫೋರ್ನಿಯಾದ ಹಟ

● ವಾಹನದ ಹೊಗೆಗೆ ಕೇಂದ್ರ ಸರ್ಕಾರಕ್ಕಿಂತ ಬಿಗಿಯಾದ ನಿಯಮ ಮಾಡಲು ಅನುಮತಿ ಕೇಳುವ ಹಕ್ಕು ಅಮೆರಿಕದ ಕಾನೂನಿನಲ್ಲಿ ಒಂದೇ ರಾಜ್ಯಕ್ಕಿದೆ. ಅದು ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸಿನ ಮೇಲೆ ಕವಿಯುತ್ತಿದ್ದ, ಕಣ್ಣು ಉರಿಸುವ ಕಂದು ಹೊಗೆಮಂಜಿನಿಂದಾಗಿ ದೇಶದಲ್ಲಿ ಎಲ್ಲರಿಗಿಂತ ಮೊದಲು ನಿಯಮ ಮಾಡಿದ್ದು ಅದೇ ರಾಜ್ಯ. ಆ ಅನುಭವಕ್ಕೆ 1967ರಲ್ಲಿ ಸಿಕ್ಕ ಮನ್ನಣೆ ಇದು. 1977ರಿಂದ ಬೇರೆ ರಾಜ್ಯಗಳು ಕ್ಯಾಲಿಫೋರ್ನಿಯಾದ ನಿಯಮವನ್ನು ಇದ್ದಂತೆಯೇ ತಮ್ಮದಾಗಿಸಿಕೊಳ್ಳಬಹುದು. ಹಾಗಾಗಿ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಬರೆದ ನಿಯಮ ನ್ಯೂಯಾರ್ಕಿನ ಕಾರಿಗೂ ಅನ್ವಯವಾಗುತ್ತದೆ.

● ವಾಹನಗಳ ಹಸಿರುಮನೆ ಅನಿಲಕ್ಕೆ ಮಿತಿ ಹೇರಿದ ದೇಶದ ಮೊದಲ ಕಾಯ್ದೆ ಬಂದದ್ದು 2002ರಲ್ಲಿ. ತಂದವರು ಕ್ಯಾಲಿಫೋರ್ನಿಯಾ ಶಾಸಕಿ ಫ್ರಾನ್ ಪೇವ್ಲಿ. ಶಾಸಕಿಯಾಗುವ ಮುನ್ನ ಅವರು ಶಾಲಾ ಶಿಕ್ಷಕಿ. ಮೊದಲ ಅವಧಿಯಲ್ಲೇ, ಇಡೀ ಕಾರು ಉದ್ಯಮ ಎದುರು ನಿಂತಿದ್ದರೂ, ಅದನ್ನು ದಡ ಮುಟ್ಟಿಸಿದರು.

● ನಾಲ್ಕು ವರ್ಷದ ನಂತರ, 2006ರ ಸೆಪ್ಟೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಟ್ರೆಷರ್ ದ್ವೀಪದಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜೆನೆಗರ್ ಎಬಿ 32 ಎಂಬ ಕಾಯ್ದೆಗೆ ಸಹಿ ಹಾಕಿದರು. ಅದರ ಹಿಂದೆಯೂ ಪೇವ್ಲಿ ಇದ್ದರು, ಜೊತೆಗೆ ಸ್ಪೀಕರ್ ಫೇಬಿಯನ್ ನೂನ್ಯೆಸ್. ಗವರ್ನರ್ ಒಂದು ಪಕ್ಷ, ಕಾಯ್ದೆ ತಂದವರು ಎದುರು ಪಕ್ಷ. 2020ರ ಹೊತ್ತಿಗೆ ರಾಜ್ಯದ ಹೊಗೆ 1990ರ ಮಟ್ಟಕ್ಕೆ ಇಳಿಯಬೇಕು ಎಂಬುದು ಗುರಿ. ಇಳಿದದ್ದು 2016ರಲ್ಲೇ, ನಾಲ್ಕು ವರ್ಷ ಮೊದಲೇ.

● ಆ ಕಾಯ್ದೆಯನ್ನು ನಡುದಾರಿಯಲ್ಲಿ ನಿಲ್ಲಿಸುವ ಯತ್ನವೂ ನಡೆಯಿತು. 2010ರ ಪ್ರೊಪೊಸಿಷನ್ 23 ಎಂಬ ಜನಮತದ ಪ್ರಸ್ತಾವ, ನಿರುದ್ಯೋಗ ಶೇ. 5.5ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದು ಸತತ ನಾಲ್ಕು ತ್ರೈಮಾಸಿಕ ಅಲ್ಲೇ ಉಳಿಯುವವರೆಗೆ ಕಾಯ್ದೆಯನ್ನು ಅಮಾನತಿನಲ್ಲಿಡಿ ಎಂದಿತು. ಆಗ ಅಲ್ಲಿ ನಿರುದ್ಯೋಗ ಶೇ. 12ರ ಆಸುಪಾಸಿನಲ್ಲಿತ್ತು. ಪ್ರಸ್ತಾವದ ಹಿಂದೆ ಟೆಕ್ಸಸ್ ಮೂಲದ ತೈಲ ಕಂಪನಿಗಳ ಹಣವಿತ್ತು. ಕೆಲಸವಿಲ್ಲದ ಆ ಕಷ್ಟದ ವರ್ಷದಲ್ಲೂ ಶೇ. 60ಕ್ಕೂ ಹೆಚ್ಚು ಮತದಾರರು ಪ್ರಸ್ತಾವವನ್ನು ತಿರಸ್ಕರಿಸಿದರು.

● ಎಬಿ 32ರ ಅಡಿಯಲ್ಲಿ ಹೊಗೆ ಉಗುಳುವ ಪರವಾನಗಿಯನ್ನು ಹರಾಜು ಹಾಕಿ ಬಂದ ಹಣ ಎಲ್ಲಿ ಹೋಗುತ್ತದೆ? ಕ್ಯಾಲಿಫೋರ್ನಿಯಾದಲ್ಲಿ 2012ರ ಒಂದು ಕಾಯ್ದೆ ಹೇಳಿತು: ಹರಾಜಿನ ನಿಧಿಯಲ್ಲಿ ಕನಿಷ್ಠ ಕಾಲು ಭಾಗ, ಹೊಗೆಯಿಂದ ಹೆಚ್ಚು ನರಳಿದ ಬಡ ಬಡಾವಣೆಗಳ ಒಳಿತಿಗೆ ಹೋಗಬೇಕು. ಇನ್ನೊಂದು ಪಾಲು ನೇರವಾಗಿ ಮನೆಯ ಬಿಲ್ಲಿಗೇ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಹಳೆಯ ವಿದ್ಯುತ್ ಬಿಲ್ಲುಗಳನ್ನು ತೆಗೆದು ನೋಡಲಿ. ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಬಿಲ್ಲಿನಲ್ಲಿ ಮೊತ್ತದ ಹಿಂದೆ ಕಳೆಯುವ ಚಿಹ್ನೆ ಇರುವ ಒಂದು ಸಾಲು ಸಿಗುತ್ತದೆ: ಕ್ಯಾಲಿಫೋರ್ನಿಯಾ ಕ್ಲೈಮೇಟ್ ಕ್ರೆಡಿಟ್. ಹೊಗೆಯ ಹರಾಜಿನ ಹಣದ ಒಂದು ಚೂರು ನಿಮ್ಮ ಮನೆಗೆ ತಲುಪಿದ್ದಕ್ಕೆ ಅದೇ ರಸೀತಿ.

● 2018ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಎಸ್‌ಬಿ 100ರ ಪ್ರಕಾರ 2045ರೊಳಗೆ ಕ್ಯಾಲಿಫೋರ್ನಿಯಾದ ಮಾರಾಟದ ವಿದ್ಯುತ್ತೆಲ್ಲ ಇಂಗಾಲಮುಕ್ತವಾಗಬೇಕು. ಸುಮಾರು ನಾಲ್ಕು ಕೋಟಿ ಜನರ ರಾಜ್ಯ ತನಗೆ ತಾನೇ ಹಾಕಿಕೊಂಡ ಗಡುವು ಇದು.

ಹಿಮದ ನಾಡುಗಳು

● ಅಮೆರಿಕದಲ್ಲಿ ಇಂಗಾಲದ ಹೊಗೆಗೆ ಕಡ್ಡಾಯ ಮಿತಿ ಹಾಕಿ ಹರಾಜು ನಡೆಸಿದ ಮೊದಲ ವ್ಯವಸ್ಥೆ ಈಶಾನ್ಯದ ರಾಜ್ಯಗಳದ್ದು. ಹೆಸರು ರೆಗ್ಗಿ. 2008ರ ಸೆಪ್ಟೆಂಬರ್‌ನ ಮೊದಲ ಹರಾಜಿನಲ್ಲಿ ಒಂದು ಟನ್ ಹೊಗೆಯ ಬೆಲೆ 3 ಡಾಲರ್ 7 ಸೆಂಟ್! ಇದು ನಡೆಯುವ ಬಗೆ ಸರಳ: ಹತ್ತು ರಾಜ್ಯಗಳು ಸೇರಿ ವಿದ್ಯುತ್ ಸ್ಥಾವರಗಳ ಒಟ್ಟು ಹೊಗೆಗೆ ಒಂದು ಮಿತಿ ಹಾಕಿದವು, ಆ ಮಿತಿಯನ್ನು ಚೀಟಿಗಳಾಗಿ ಹಂಚಿ ಹರಾಜಿಗಿಟ್ಟವು. ಒಂದು ಟನ್ ಉಗುಳಿದರೆ ಒಂದು ಚೀಟಿ ಒಪ್ಪಿಸಬೇಕು. ಬರುಬರುತ್ತಾ ಚೀಟಿಗಳ ಸಂಖ್ಯೆ ಇಳಿಯುತ್ತದೆ. ಹೊಗೆ ತಗ್ಗಿಸಿದವನಿಗೆ ಲಾಭ, ತಗ್ಗಿಸದವನಿಗೆ ಖರ್ಚು.

● ರೆಗ್ಗಿಗೆ ಕೇಂದ್ರದ ಕಾಯ್ದೆಯಿಲ್ಲ. ಒಂದು ಮಾದರಿ ನಿಯಮವನ್ನು ಬರೆದುಕೊಂಡು ಪ್ರತಿ ರಾಜ್ಯವೂ ಅದನ್ನು ತನ್ನ ಕಾನೂನಿನಡಿ ಜಾರಿಗೆ ತಂದಿತು. ಹಾಗಾಗಿ ಒಬ್ಬೊಬ್ಬರಾಗಿ ಹೊರಹೋಗುವುದೂ ಸುಲಭ. ನ್ಯೂಜೆರ್ಸಿ 2011ರ ಕೊನೆಗೆ ಹೊರಬಿತ್ತು, ಸರ್ಕಾರ ಬದಲಾದ ಮೇಲೆ 2020ರಲ್ಲಿ ಮರಳಿ ಸೇರಿತು.

● ಮೈನಸ್ 20 ಡಿಗ್ರಿಯ ಚಳಿಯಲ್ಲೂ ಹೊರಗಿನ ಗಾಳಿಯಿಂದ ಶಾಖ ಹೀರಿ ಮನೆ ಬೆಚ್ಚಗಿಡಬಹುದು ಎಂದರೆ ನಂಬುತ್ತೀರಾ? ಹೀಟ್ ಪಂಪ್ ಮಾಡುವುದು ಇದನ್ನೇ. ನಿಮ್ಮ ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ತಂಪು ತರಕಾರಿಯಿಂದಲೂ ಅದು ಶಾಖ ಎಳೆದು ಹೊರಗೆ ಬಿಡುತ್ತಿದೆ. ಹೀಟ್ ಪಂಪ್ ಅದನ್ನೇ ತಿರುವುಮುರುವಾಗಿ ಮಾಡುತ್ತದೆ: ಹೊರಗಿನ ಚಳಿಗಾಳಿಯಿಂದ ಶಾಖ ಎಳೆದು ಮನೆಯೊಳಗೆ ಬಿಡುತ್ತದೆ. ಮನೆ ಕಾಯಿಸಲು ಹೆಚ್ಚಾಗಿ ಎಣ್ಣೆಯನ್ನೇ ಉರಿಸುತ್ತಿದ್ದ ಮೇಯ್ನ್ ರಾಜ್ಯ 2019ರಲ್ಲಿ ಕಾಯ್ದೆ ಮಾಡಿ, 2025ರೊಳಗೆ ಒಂದು ಲಕ್ಷ ಹೀಟ್ ಪಂಪ್ ಅಳವಡಿಸುವ ಗುರಿ ಇಟ್ಟಿತು. ಒಂದು ಲಕ್ಷ ತುಂಬಿದ್ದು 2023ರಲ್ಲೇ.

● ನ್ಯೂಯಾರ್ಕ್ 2019ರ ಜುಲೈಯಲ್ಲಿ ತಂದ ಕಾಯ್ದೆ ದೇಶದ ಅತಿ ಬಿಗಿಯಾದ ಕಾಯ್ದೆಗಳಲ್ಲೊಂದು. 2030ರೊಳಗೆ ಶೇ. 70 ನವೀಕರಿಸಬಹುದಾದ ವಿದ್ಯುತ್, 2040ರೊಳಗೆ ವಿದ್ಯುತ್ತಿನಿಂದ ಹೊಗೆಯೇ ಇಲ್ಲ, 2050ರೊಳಗೆ ಒಟ್ಟು ಹೊಗೆ 1990ಕ್ಕಿಂತ ಶೇ. 85 ಕಡಿಮೆ. ಇದರ ಲಾಭದಲ್ಲಿ ಕನಿಷ್ಠ ಶೇ. 35 ಹಿಂದುಳಿದ ಬಡಾವಣೆಗಳಿಗೆ ಸೇರಬೇಕು ಎಂದೂ ಅದೇ ಕಾಯ್ದೆಯಲ್ಲಿದೆ. ನಗರದ ಕೊಳಕು ಸ್ಥಾವರಗಳನ್ನು ಬಡವರ ಮಗ್ಗುಲಲ್ಲೇ ಕಟ್ಟುತ್ತ ಬಂದದ್ದಕ್ಕೆ ಇದು ತಡವಾಗಿ ಬಂದ ನ್ಯಾಯ.

● 2023ರ ಜುಲೈಯಲ್ಲಿ ವರ್ಮಾಂಟಿನ ಪುಟ್ಟ ರಾಜಧಾನಿ ಮಾಂಟ್ಪಿಲಿಯರ್‌ನ ಪೇಟೆ ಬೀದಿಯೆಲ್ಲ ಪ್ರವಾಹದಲ್ಲಿ ಮುಳುಗಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಆ ರಾಜ್ಯ ದೇಶದಲ್ಲೇ ಮೊದಲ ಬಾರಿಗೆ ಹೊಸ ಬಗೆಯ ಕಾಯ್ದೆ ತಂದಿತು. 1995ರಿಂದ 2024ರ ನಡುವೆ ನೂರು ಕೋಟಿ ಟನ್ನಿಗಿಂತ ಹೆಚ್ಚು ಹೊಗೆಗೆ ಕಾರಣವಾದ ತೈಲ, ಅನಿಲ, ಕಲ್ಲಿದ್ದಲು ಕಂಪನಿಗಳು ರಾಜ್ಯಕ್ಕಾದ ನಷ್ಟದಲ್ಲಿ ತಮ್ಮ ಪಾಲು ಕಟ್ಟಬೇಕು! ಗವರ್ನರ್ ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ಸಹಿಯಿಲ್ಲದೆಯೇ ಅದು ಕಾಯ್ದೆಯಾಯಿತು. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಕೂಡ ಇಂಥದ್ದೇ ಕಾಯ್ದೆ ತಂದು, 25 ವರ್ಷದಲ್ಲಿ 7,500 ಕೋಟಿ ಡಾಲರ್ ವಸೂಲಿಯ ಗುರಿ ಇಟ್ಟಿತು. ಕೇಂದ್ರ ಸರ್ಕಾರ 2025ರಲ್ಲಿ ಎರಡೂ ರಾಜ್ಯಗಳ ಮೇಲೆ ಮೊಕದ್ದಮೆ ಹೂಡಿತು.

ದ್ವೀಪ, ಗಣಿ, ಒಂದು ಮತ

● ಶೇ. 100 ನವೀಕರಿಸಬಹುದಾದ ವಿದ್ಯುತ್ ಎಂದು ಮೊದಲು ಕಾಯ್ದೆಯಲ್ಲಿ ಬರೆದ ಅಮೆರಿಕನ್ ರಾಜ್ಯ ಹವಾಯಿ. ಇಸವಿ 2015, ಗಡುವು 2045. ನಡುಸಮುದ್ರದ ಆ ದ್ವೀಪಗಳಲ್ಲಿ ದೀಪ ಉರಿಯಲು ಹಡಗಿನಲ್ಲಿ ತೈಲ ಬರಬೇಕಿತ್ತು. ತಲೆಯ ಮೇಲೆ ವರ್ಷವಿಡೀ ಬಿಸಿಲು, ಜೇಬಿನಿಂದ ಮಾತ್ರ ತೈಲದ ದುಡ್ಡು. ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ 2022ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು.

● ಹೊಸ ಒಂಟಿಮನೆಗಳಿಗೆ ಸೌರ ನೀರು ಕಾಯಿಸುವ ಸಾಧನ ಕಡ್ಡಾಯ ಎಂದು ಮೊದಲು ಹೇಳಿದ ಅಮೆರಿಕನ್ ರಾಜ್ಯವೂ ಹವಾಯಿಯೇ. 2008ರ ಕಾಯ್ದೆ, 2010ರಿಂದ ಜಾರಿ. ಬೆಂಗಳೂರಿನವರಿಗೆ ಇದೇನು ಹೊಸತಲ್ಲ. 2007ರಲ್ಲೇ ಇಲ್ಲಿ ಹೊಸ ಮನೆಗೆ ಕರೆಂಟು ಬೇಕಾದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿ ಬನ್ನಿ ಎಂಬ ನಿಯಮ ಬಂತು. ನಮ್ಮ ತಾರಸಿಗಳ ಮೇಲೆ ಸಾಲಾಗಿ ಕಾಣುವ ಆ ಗಾಜಿನ ಕೊಳವೆಗಳ ಹಿಂದೆಯೂ ಒಂದು ನಿಯಮ ನಿಂತಿದೆ.

● ಕಲ್ಲಿದ್ದಲು ಸ್ಥಾವರ ಮುಚ್ಚಿದರೆ ಅದನ್ನೇ ನಂಬಿದ ಕಾರ್ಮಿಕ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಕೇಳದ ಹವಾಮಾನ ಕಾಯ್ದೆ ಅರ್ಧ ಕಾಯ್ದೆ. ನ್ಯೂ ಮೆಕ್ಸಿಕೋ ತನ್ನ 2019ರ ಕಾಯ್ದೆಯಲ್ಲಿ ಅದಕ್ಕೆ ಉತ್ತರ ಬರೆಯಿತು. ಸ್ಥಾವರ ಮುಚ್ಚುವ ಖರ್ಚಿಗೆ ಕಡಿಮೆ ಬಡ್ಡಿಯ ಬಾಂಡು, ಅದರಲ್ಲೇ ಕೆಲಸ ಕಳೆದುಕೊಂಡವರಿಗೆ ಪರಿಹಾರ, ಹೊಸ ಕಸುಬಿನ ತರಬೇತಿ, ಆ ಊರಿನ ಅಭಿವೃದ್ಧಿಗೆ ನಿಧಿ. ಅಲ್ಲಿನ ಸ್ಯಾನ್ ಹುವಾನ್ ಕಲ್ಲಿದ್ದಲು ಸ್ಥಾವರ 2022ರಲ್ಲಿ ನಿಂತಿತು. 2024ರ ಆಗಸ್ಟಿನಲ್ಲಿ ಅದರ ನಾಲ್ಕು ಹೊಗೆಕೊಳವೆಗಳನ್ನು ಸ್ಫೋಟಿಸಿ ಉರುಳಿಸಿದರು.

● ಇಲಿನಾಯ್ ಒಂದು ಕಲ್ಲಿದ್ದಲು ರಾಜ್ಯ. 2021ರ ಸೆಪ್ಟೆಂಬರ್‌ನಲ್ಲಿ ಅದೂ 2050ರೊಳಗೆ ಪೂರ್ತಿ ಶುದ್ಧ ವಿದ್ಯುತ್ತಿನ ಗುರಿಯನ್ನು ಕಾಯ್ದೆಯಲ್ಲಿ ಬರೆದುಕೊಂಡಿತು.

● ಒಂದು ಮತದ ಬೆಲೆ ಏನು? 2022ರ ಚುನಾವಣೆಯಲ್ಲಿ ಮಿನ್ನೆಸೋಟಾದ ಸೆನೆಟ್ಟಿನಲ್ಲಿ ಒಂದು ಪಕ್ಷಕ್ಕೆ 34, ಇನ್ನೊಂದಕ್ಕೆ 33 ಸ್ಥಾನ ಬಂತು. 2023ರ ಫೆಬ್ರವರಿ 7ರಂದು, 2040ರೊಳಗೆ ಇಂಗಾಲಮುಕ್ತ ವಿದ್ಯುತ್ ಎಂಬ ಕಾಯ್ದೆಗೆ ಗವರ್ನರ್ ಟಿಮ್ ವಾಲ್ಜ್ ಸಹಿ ಬಿತ್ತು. ಒಂದೇ ಒಂದು ಸ್ಥಾನ ಆಚೆ ಹೋಗಿದ್ದರೆ ಆ ಕಾಯ್ದೆ ಇರುತ್ತಿರಲಿಲ್ಲ.

ಕೋರ್ಟಿನ ಮೆಟ್ಟಿಲು, ಮತಗಟ್ಟೆಯ ಸಾಲು

● ಹಸಿರುಮನೆ ಅನಿಲವೂ ವಾಯುಮಾಲಿನ್ಯವೇ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು ರಾಜ್ಯಗಳು ಹೂಡಿದ ಮೊಕದ್ದಮೆಯಲ್ಲಿ. ಮ್ಯಾಸಚೂಸೆಟ್ಸ್ ಮುಂದಾಳು, ಒಟ್ಟು 12 ರಾಜ್ಯಗಳು. 2007ರ ಏಪ್ರಿಲ್ 2ರ ತೀರ್ಪು, 5ಕ್ಕೆ 4 ನ್ಯಾಯಮೂರ್ತಿಗಳ ಬಹುಮತ. ಕಡಲು ಏರಿ ನಮ್ಮ ರಾಜ್ಯದ ಕರಾವಳಿ ಕೊಚ್ಚಿಹೋಗುತ್ತಿದೆ ಎಂಬ ಮ್ಯಾಸಚೂಸೆಟ್ಸಿನ ಅಳಲೇ ಅದಕ್ಕೆ ದಾವೆ ಹೂಡುವ ಹಕ್ಕು ತಂದುಕೊಟ್ಟಿತು.

● ಮೊಂಟಾನಾದ 1972ರ ಸಂವಿಧಾನ ಶುದ್ಧ, ಆರೋಗ್ಯಕರ ಪರಿಸರವನ್ನು ಪ್ರಜೆಯ ಹಕ್ಕು ಎನ್ನುತ್ತದೆ. ಇತ್ತ ಅದೇ ರಾಜ್ಯದ ಒಂದು ಕಾನೂನು, ಗಣಿ ಅಥವಾ ಸ್ಥಾವರಕ್ಕೆ ಅನುಮತಿ ಕೊಡುವಾಗ ಹಸಿರುಮನೆ ಅನಿಲದ ಲೆಕ್ಕವನ್ನೇ ಹಾಕಬಾರದು ಎನ್ನುತ್ತಿತ್ತು. 2020ರಲ್ಲಿ 16 ಮಂದಿ ಎಳೆಯರು ಕೋರ್ಟಿಗೆ ಹೋದರು. ದಾವೆ ಹೂಡಿದಾಗ ಎಲ್ಲರಿಗಿಂತ ಕಿರಿಯ ಮಗುವಿಗೆ ಎರಡು ವರ್ಷ, ಹಿರಿಯರಿಗೆ ಹದಿನೆಂಟು. 2023ರ ಆಗಸ್ಟ್ 14ರಂದು ನ್ಯಾಯಾಧೀಶೆ ಕ್ಯಾಥಿ ಸೀಲಿ ಆ ಕಾನೂನನ್ನು ಹೊಡೆದುಹಾಕಿದರು. 2024ರ ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು 6ಕ್ಕೆ 1ರಂತೆ ಆ ತೀರ್ಪನ್ನು ಎತ್ತಿಹಿಡಿಯಿತು. ಹಿಂದಿನ ತಲೆಮಾರು ಸಂವಿಧಾನದಲ್ಲಿ ಬರೆದಿಟ್ಟ ಒಂದು ಸಾಲು ಮಕ್ಕಳ ಕೈಹಿಡಿದದ್ದು ಹೀಗೆ.

● ವಾಷಿಂಗ್ಟನ್ ರಾಜ್ಯದ ಮತದಾರರು ಇಂಗಾಲಕ್ಕೆ ಬೆಲೆ ಕಟ್ಟುವ ಪ್ರಸ್ತಾವವನ್ನು 2016ರಲ್ಲಿ ಸೋಲಿಸಿದರು, 2018ರಲ್ಲೂ ಸೋಲಿಸಿದರು. 2021ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ, 2023ರಿಂದ ಹರಾಜು ಆರಂಭಿಸಿತು. ಅದನ್ನು ರದ್ದು ಮಾಡಿ ಎಂಬ ಪ್ರಸ್ತಾವ 2024ರ ನವೆಂಬರ್‌ನಲ್ಲಿ ಜನರ ಮುಂದೆ ಬಂತು. ಈ ಸಲ ಶೇ. 60ಕ್ಕೂ ಹೆಚ್ಚು ಜನ ಕಾಯ್ದೆ ಇರಲಿ ಎಂದರು. ಎರಡು ಬಾರಿ ಬೇಡ ಎಂದಿದ್ದ ಜನರೇ ಅದರ ಕೆಲಸ ಕಂಡ ಮೇಲೆ ಅದನ್ನು ಕಾಪಾಡಿದರು.

ಹಿಂದಡಿ ಇಟ್ಟದ್ದೂ ಉಂಟು

● ಕಲ್ಲಿದ್ದಲಿನ ನಾಡು ವೆಸ್ಟ್ ವರ್ಜೀನಿಯಾ 2015ರಲ್ಲಿ ತನ್ನ ನವೀಕರಿಸಬಹುದಾದ ವಿದ್ಯುತ್ತಿನ ಕಾಯ್ದೆಯನ್ನು ರದ್ದು ಮಾಡಿತು. ಹಾಗೆ ಪೂರ್ತಿ ಅಳಿಸಿಹಾಕಿದ ಮೊದಲ ರಾಜ್ಯ ಅದು.

● ಒಹಾಯೋದ 2019ರ ಕಾಯ್ದೆಯೊಂದು ಎರಡು ಅಣುಸ್ಥಾವರಗಳಿಗೂ ಹಳೇ ಕಲ್ಲಿದ್ದಲು ಸ್ಥಾವರಗಳಿಗೂ ಗ್ರಾಹಕರ ಬಿಲ್ಲಿನಿಂದ ಹಣ ಕೊಡಿಸಿ, ನವೀಕರಿಸಬಹುದಾದ ವಿದ್ಯುತ್ತಿನ ಗುರಿಯನ್ನು ತಗ್ಗಿಸಿತು. ಮರುವರ್ಷ ಗೊತ್ತಾದದ್ದು: ಅದರ ಹಿಂದೆ ಸುಮಾರು 6 ಕೋಟಿ ಡಾಲರ್ ಲಂಚ! ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್ ಅವರಿಗೆ 2023ರಲ್ಲಿ 20 ವರ್ಷ ಸೆರೆವಾಸದ ಶಿಕ್ಷೆಯಾಯಿತು. ಕಾಯ್ದೆಯ ಒಂದೊಂದು ಸಾಲಿಗೂ ಜನ ಕಾವಲು ಕೂರಬೇಕು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

● 2025ರ ಜೂನ್ 12ರಂದು ಅಧ್ಯಕ್ಷ ಟ್ರಂಪ್ ಸಹಿಯೊಂದಿಗೆ, ಹೊಸ ಪೆಟ್ರೋಲ್ ಕಾರುಗಳ ಮಾರಾಟವನ್ನು ಹಂತಹಂತವಾಗಿ ಮುಗಿಸುವ ಕ್ಯಾಲಿಫೋರ್ನಿಯಾ ನಿಯಮಕ್ಕಿದ್ದ ಕೇಂದ್ರದ ಅನುಮತಿ ರದ್ದಾಯಿತು. ಕ್ಯಾಲಿಫೋರ್ನಿಯಾ ಅಂದೇ ಕೋರ್ಟಿಗೆ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ತನ್ನ ಹೊಗೆ ಹರಾಜಿನ ಕಾಯ್ದೆಯನ್ನು 2045ರವರೆಗೆ ವಿಸ್ತರಿಸಿಕೊಂಡಿತು.

ನಮ್ಮ ಅಂಗಳದಲ್ಲಿ

● ಅಯೋವಾ 1983ರಲ್ಲಿ ಬರೆದಂಥ ಕಡ್ಡಾಯ ನಮ್ಮಲ್ಲೂ ಇದೆ. ಭಾರತದ ವಿದ್ಯುಚ್ಛಕ್ತಿ ಕಾಯ್ದೆ, 2003ರ ಸೆಕ್ಷನ್ 86(1)(ಇ) ಪ್ರಕಾರ, ವಿತರಣಾ ಕಂಪನಿಗಳು ತಮ್ಮ ವಿದ್ಯುತ್ತಿನಲ್ಲಿ ಎಷ್ಟು ಪಾಲನ್ನು ನವೀಕರಿಸಬಹುದಾದ ಮೂಲಗಳಿಂದ ಕೊಳ್ಳಬೇಕು ಎಂದು ಹೇಳುವ ಅಧಿಕಾರ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕಿದೆ. ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಫಲಕ ಹರಡಿದಾಗ, ಆ ಕರೆಂಟಿಗೆ ಕೊಳ್ಳುವವರು ಸಿದ್ಧರಿದ್ದುದರ ಹಿಂದೆ ಇಂಥ ಕಡ್ಡಾಯಗಳೂ ಇವೆ. ಅಲ್ಲಿಯೂ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಅಯೋವಾದ ಜೋಳದ ಹೊಲದ ಬಾಡಿಗೆಯ ಹಾಗೆಯೇ.

● ಕೊನೆಯದಾಗಿ, ಇದು ಗೊತ್ತೇ? ವಿದ್ಯುತ್ ದರ ನಿಗದಿ ಮಾಡುವ ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಬಿಲ್ಲು ಕಟ್ಟುವ ಯಾರು ಬೇಕಾದರೂ ಆಕ್ಷೇಪಣೆ ಬರೆದು ಸಲ್ಲಿಸಬಹುದು, ಖುದ್ದಾಗಿ ಹೋಗಿ ಮಾತಾಡಬಹುದು. ಕೊಲರಾಡೋದಲ್ಲಿ ಸಹಿ ಸಂಗ್ರಹಿಸಿದವರೂ ನಮ್ಮ ಹಾಗೆ ತಿಂಗಳ ಬಿಲ್ಲು ಕಟ್ಟುತ್ತಿದ್ದವರೇ. ಮುಂದಿನ ವಿಚಾರಣೆಯ ಪ್ರಕಟಣೆ ಕಣ್ಣಿಗೆ ಬಿದ್ದಾಗ ಪುಟ ಮಗುಚಬೇಡಿ. ದಿನಾಂಕ ಗುರುತು ಹಾಕಿಕೊಂಡು ಹೋಗಿ, ಎರಡು ಪ್ರಶ್ನೆ ಕೇಳಿ ಬನ್ನಿ: ಶುದ್ಧ ವಿದ್ಯುತ್ತಿನ ಪಾಲು ಎಷ್ಟು? ಯಾವ ಇಸವಿಯೊಳಗೆ?